ಹೆಸರು ಬರೆದ ಎಪ್ಪತ್ತೊಂದು ಚೀಟಿಗಳು

ಹೊಲಿಗೆ ಶೆಡ್ಡಿನಲ್ಲಿ ಅಂಗಿಗಳಿಗೆ ಕಾಲರ್ ಕೂರಿಸುವಾಕೆ ಈವರೆಗೆ ನಾಲ್ಕು ಚುನಾವಣೆಗಳನ್ನು ಕಂಡಿದ್ದಳು. ಹಾಕಿದ ಮತಗಳ ಸಂಖ್ಯೆ ಸೊನ್ನೆ. ಕಾರಣ ಒಂದೇ. ಪ್ರತಿ ಚುನಾವಣೆಗೂ ಮುನ್ನ ಶೆಡ್ಡಿನ ಯಜಮಾನರು ಹೊಲಿಗೆ ಯಂತ್ರಗಳ ಸಾಲಿನ ನಡುವೆ ನಿಂತು, "ಯಾರು ಯಾರಿಗೆ ಹಾಕ್ತೀರಿ ಅಂತ ನನಗೆ ಗೊತ್ತಾಗುತ್ತೆ" ಎನ್ನುತ್ತಿದ್ದರು. ಗೊತ್ತಾಗುವುದಾದರೆ ಹೋಗದಿರುವುದೇ ಕ್ಷೇಮವೆಂದು ಅವಳು ಮನೆಯಲ್ಲೇ ಉಳಿಯುತ್ತಿದ್ದಳು. ಬರುವ ಭಾನುವಾರ ಐದನೆಯ ಚುನಾವಣೆ.

ಬುಧವಾರ ಊಟದ ಬಿಡುವಿನಲ್ಲಿ ಅವಳ ಮಗಳು ಶಾಲೆಯಿಂದ ಓಡಿಬಂದಳು. ಹತ್ತನೆಯ ತರಗತಿಯ ಆ ಹುಡುಗಿಯನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು.

"ಅಮ್ಮ, ಒಂದು ಎಡವಟ್ಟು ಮಾಡ್ಕೊಂಡೆ."

"ಲೆಕ್ಕದಲ್ಲಿ ಮತ್ತೆ ಸೊನ್ನೆ ತಗೊಂಡ್ಯಾ?"

"ಲೆಕ್ಕದಲ್ಲಲ್ಲ, ವೋಟಲ್ಲಿ!"

ಚುನಾವಣೆಯ ಪಾಠವನ್ನು ಮಾಡಿಯೇ ಕಲಿಯಲೆಂದು ಪ್ರೌಢಶಾಲೆಯ ಮಕ್ಕಳು ಅಂದು ಬೆಳಿಗ್ಗೆ ಅಣಕು ಮತದಾನ ನಡೆಸಿದ್ದರು. ವಿದ್ಯಾರ್ಥಿ ನಾಯಕನ ಸ್ಥಾನಕ್ಕೆ ಇಬ್ಬರು ನಿಂತಿದ್ದರು. ಒಬ್ಬ ಶೆಡ್ಡಿನ ಯಜಮಾನರ ಮಗ, ಗುರುತು ಕೊಡೆ. ಇನ್ನೊಬ್ಬಳು ಬಸ್ ಚಾಲಕನ ಮಗಳು, ಗುರುತು ಬೀಗದ ಕೈ. ಮತದಾರರು ನೂರ ಎಂಬತ್ತಾರು.

"ನಾನು ಬೀಗದ ಕೈಗೆ ಹಾಕ್ದೆ. ಚೀಟಿ ಮಡಚಿ, ಮೇಲ್ಗಡೆ ಹೆಸರು, ನಂಬರ್ ಬರೆದ್ಬಿಟ್ಟೆ."

"ಯಾರೇ ಬರೀ ಅಂದಿದ್ದು?"

"ಯಾರೂ ಅನ್ಲಿಲ್ಲ, ಕೈ ತಾನಾಗೇ ಬರೀತು. ಪೇಪರ್ ಕೊಟ್ರೆ ಮೊದಲು ಹೆಸರು, ಆಮೇಲೆ ನಂಬರ್. ಒಂದನೇ ಕ್ಲಾಸಿಂದ ಅದೇ ತಾನೆ ಹೇಳ್ಕೊಟ್ಟಿರೋದು? ಈಗ ಎಣಿಸ್ತಾರೆ. ನಿಮ್ಮ ಯಜಮಾನ್ರ ಮಗಾನೂ ಮೇಜಿನ ಹತ್ರ ನಿಂತಿರ್ತಾನೆ."

ತಾಯಿಯ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. "ನನ್ನ ಅನ್ನಕ್ಕೆ ಕಲ್ಲು ಹಾಕಿದ್ಯಲ್ಲೇ! ನಾನು ಇಷ್ಟು ವರ್ಷ ವೋಟೇ ಹಾಕದೆ ಉಳಿಸ್ಕೊಂಡ ಕೆಲಸ, ನೀನು ಒಂದು ಚೀಟೀಲಿ ಕಳೀತೀಯ!"

ಶೆಡ್ಡಿಗೆ ಪತ್ರ ಕೊಡಲು ಬಂದಿದ್ದ ಪಕ್ಕದ ಮನೆಯ ಅಂಚೆಯಣ್ಣ ಇದನ್ನು ಕೇಳಿಸಿಕೊಂಡ. ಅವನು ಆರು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದವನು.

"ಅಳೋದು ಆಮೇಲೆ ಇರ್ಲಿ ತಂಗಿ. ಮೊದಲು ಶಾಲೆಗೆ ನಡಿ."

"ಹೋಗಿ ಏನಣ್ಣ ಮಾಡೋದು? ಪೆಟ್ಟಿಗೆಗೆ ಕೈ ಹಾಕ್ತೀಯಾ?"

"ಬಾಯಿ ಹಾಕ್ತೀನಿ, ನಡಿ."

ಅರ್ಧ ದಿನ ರಜೆ ಹೇಳಿ ಅವಳು ಮಗಳೊಂದಿಗೆ ಅವನ ಹಿಂದೆ ಹೊರಟಳು.

ಶಾಲೆಯ ಗ್ರಂಥಾಲಯದಲ್ಲಿ ಪೆಟ್ಟಿಗೆ ಆಗಲೇ ತೆರೆದಿತ್ತು. ಮಡಚಿದ ಚೀಟಿಗಳು ಮೇಜಿನ ಮೇಲೆ ಗುಡ್ಡೆಯಾಗಿ ಬಿದ್ದಿದ್ದವು. ಎಡವಟ್ಟು ಗುಬ್ಬಿಯೊಬ್ಬಳದಾಗಿರಲಿಲ್ಲ. ಎಪ್ಪತ್ತೊಂದು ಚೀಟಿಗಳ ಹೊರಮೈಯಲ್ಲಿ ಹೆಸರಿತ್ತು. ಒಬ್ಬನು ಪರೀಕ್ಷೆಯ ಭರದಲ್ಲಿ ದಿನಾಂಕ ಹಾಕಿ ಅಡಿಗೆರೆಯನ್ನೂ ಎಳೆದಿದ್ದ.

ಸಮಾಜ ಪಾಠದ ಮೇಡಂಗೆ ದಿಕ್ಕೇ ತೋಚದಂತಾಗಿತ್ತು. ಎಪ್ಪತ್ತೊಂದನ್ನೂ ತೆಗೆದುಹಾಕಿ ಎಂದು ಕೆಲವರು ಕೂಗಿದರು. ಹಾಗೆ ಮಾಡಿದರೆ ನೂರ ಎಂಬತ್ತಾರು ಜನರ ನಾಯಕನನ್ನು ನೂರ ಹದಿನೈದು ಜನ ಆರಿಸಿದಂತಾಗುತ್ತಿತ್ತು. ಎಲ್ಲವನ್ನೂ ಎಣಿಸಿ ಎಂದು ಉಳಿದವರು ಹಟ ಹಿಡಿದರು. ಕೂಗುವವರಲ್ಲಿ ಕೆಲವರಿಗೆ ತಾವು ಯಾವ ಕಡೆಯೆಂಬುದೂ ಮರೆತುಹೋಗಿತ್ತು.

ಯಜಮಾನರ ಮಗ ಗುಡ್ಡೆಯಿಂದ ಒಂದು ಚೀಟಿಯನ್ನು ಎತ್ತಿ ಹಿಡಿದ. "ಮೇಡಂ, ಗುಬ್ಬೀದು! ಇವಳಮ್ಮ ನಮ್ಮ ಶೆಡ್ಡಲ್ಲೇ ಇರೋದು. ಇದು ನಂದೇ ವೋಟು, ಬಿಚ್ಚಲಾ?"

ಅವನ ಮಾತಿನಲ್ಲಿ ಕೇಡಿರಲಿಲ್ಲ; ಅವನು ಹಾಗೆಂದೇ ನಂಬಿದ್ದ. ಬಾಗಿಲಲ್ಲಿದ್ದ ತಾಯಿ ಅಂಚೆಯಣ್ಣನ ತೋಳು ಜಗ್ಗಿದಳು.

"ಬಿಚ್ಚಬೇಡಪ್ಪ," ಎಂದ ಅಂಚೆಯಣ್ಣ.

"ಯಾಕಣ್ಣ? ಕದ್ದು ಹಾಕಿದ್ದಾ? ಮುಚ್ಚಿಡೋಕೆ ಏನಿದೆ?"

"ಮುಚ್ಚಿಡೋದು ನಾಚಿಕೆಗಲ್ಲ, ಕಾವಲಿಗೆ. ಹೆಸರು ಬರೆದ ಚೀಟಿ ಸರಿ ಅಂತ ಒಪ್ಕೊಂಡ್ರೆ, ನಾಳೆ ಯಾರಾದ್ರೂ 'ಹೆಸರು ಬರೆದು ಹಾಕು, ನಾನು ನೋಡ್ತೀನಿ' ಅಂತ ಹೆದರಿಸಬಹುದು. ಅದಕ್ಕೇ ನಿಜವಾದ ಚುನಾವಣೇಲಿ ಹೆಸರಿರೋ ಚೀಟಿ ಲೆಕ್ಕಕ್ಕೇ ಇಲ್ಲ."

ಮೇಡಂ ಚೀಟಿಗಳ ಗುಡ್ಡೆಯನ್ನು ತಮ್ಮತ್ತ ಎಳೆದುಕೊಂಡರು. "ಹೆಸರು ಬರೀಬೇಡಿ ಅಂತ ನಾನು ಹೇಳ್ಲೇ ಇಲ್ಲ. ತಪ್ಪು ನನ್ನದು. ಎಲ್ಲರೂ ಇನ್ನೊಂದ್ಸಲ ಹಾಕಿ."

ನೂರ ಎಂಬತ್ತೈದು ಚೀಟಿಗಳು, ಒಂದನ್ನೂ ಬಿಚ್ಚದೆ, ನೆಲ ಒರೆಸುವ ಬಕೆಟ್ಟಿನ ನೀರಿಗೆ ಬಿದ್ದವು. ಮೇಡಂ ಕೈ ಚಾಚಿದರು. "ಅದನ್ನೂ ಕೊಡು." ಹುಡುಗ ಚೀಟಿಯನ್ನೊಮ್ಮೆ, ಗುಬ್ಬಿಯನ್ನೊಮ್ಮೆ ನೋಡಿ, ಕೊಟ್ಟ. ನೀರಿನಲ್ಲಿ ಶಾಯಿ ಕದಡಿತು.

ಎರಡನೆಯ ಬಾರಿ ಪೆನ್ನುಗಳನ್ನು ಹೊರಗಿಡಿಸಿ, ಕಪಾಟಿನ ಮರೆಯಲ್ಲಿ ಒಂದು ರಬ್ಬರ್ ಮುದ್ರೆಯನ್ನು ಇಟ್ಟರು. ಮೂವರು ಮನೆಗೆ ಹೋಗಿದ್ದರಿಂದ ಬಿದ್ದ ಮತ ನೂರ ಎಂಬತ್ತಮೂರು. ಎಣಿಕೆಗೆ ಚೀಟಿಗಳನ್ನು ಬಿಚ್ಚಿ ಹರಡಿದಾಗ ತಾಯಿ ಹತ್ತಿರ ಬಂದು ಬಗ್ಗಿ ನೋಡಿದಳು. ಮಗಳ ಅಕ್ಷರವನ್ನು ಎಲ್ಲಿ ಕಂಡರೂ ಗುರುತಿಸುವವಳು ಅವಳು. ಇಲ್ಲಿ ಇದ್ದುದು ಒಂದೇ ಮುದ್ರೆ, ಒಂದೇ ಶಾಯಿ.

"ಅಣ್ಣ, ಇದ್ರಲ್ಲಿ ಗುಬ್ಬೀದು ಯಾವುದು?"

"ನಿನಗೆ ಗೊತ್ತಾಗ್ತಿದ್ಯಾ?"

"ಇಲ್ಲ."

"ಹೆತ್ತ ತಾಯಿಗೇ ಗೊತ್ತಾಗದ್ದು ಯಜಮಾನರಿಗೆ ಹೇಗೆ ಗೊತ್ತಾಗುತ್ತೆ ತಂಗಿ?"

ಅವಳು ಇನ್ನೊಮ್ಮೆ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದಳು.

ಬೀಗದ ಕೈಗೆ ತೊಂಬತ್ತನಾಲ್ಕು, ಕೊಡೆಗೆ ಎಂಬತ್ತೆಂಟು. ಒಂದು ಅಸಿಂಧು: ಇಬ್ಬರಿಗೂ ಬೇಸರವಾಗದಿರಲೆಂದು ಯಾರೋ ಎರಡೂ ಗುರುತುಗಳ ಮೇಲೆ ಮುದ್ರೆ ಒತ್ತಿದ್ದರು.

ಮರುದಿನ ಯಜಮಾನರು ಅವಳ ಯಂತ್ರದ ಬಳಿ ನಿಂತರು. "ಏನಮ್ಮ, ನಿನ್ನ ಮಗಳು ಯಾರಿಗೆ ಹಾಕಿದ್ಲು?"

"ನಂಗೊತ್ತಿಲ್ಲ ಸಾರ್."

"ತಾಯಿಗೇ ಗೊತ್ತಿಲ್ವಾ?"

"ಎಣಿಸೋವಾಗ ಪಕ್ಕದಲ್ಲೇ ನಿಂತಿದ್ದೆ ಸಾರ್. ನೂರ ಎಂಬತ್ತಮೂರು ಚೀಟೀನೂ ನೋಡ್ದೆ. ಗೊತ್ತಾಗೋಕೆ ದಾರೀನೇ ಇಲ್ಲ."

ಯಜಮಾನರು ಮುಂದಿನ ಸಾಲಿಗೆ ಹೋದರು. ಪಕ್ಕದ ಯಂತ್ರದವಳು ಹೊಲಿಯುವುದನ್ನು ನಿಲ್ಲಿಸಿ, "ನಿಜವಾಗ್ಲೂ ದಾರಿ ಇಲ್ವೇನೇ?" ಎಂದು ಪಿಸುಗುಟ್ಟಿದಳು.

ಭಾನುವಾರ ಆ ಇಬ್ಬರು ಹೆಂಗಸರೂ ಒಟ್ಟಿಗೆ ಮತಗಟ್ಟೆಗೆ ಹೋದರು. ತಾಯಿ ಮನೆಗೆ ಬಂದೊಡನೆ ಗುಬ್ಬಿ ಕೇಳಿದಳು: "ಯಾರಿಗೆ ಹಾಕ್ದೆ ಅಮ್ಮ?"

"ಎರಡನೇ ಸಲ ಯಾರಿಗೆ ಹಾಕ್ದೆ ಅಂತ ನೀನು ಹೇಳಿದ್ಯೇನೇ? ಕೈ ತೊಳ್ಕೊಂಡು ಊಟಕ್ಕೆ ಬಾ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮತ ಯಾರಿಗೆಂದು ಯಾರು ಕೇಳಿದರೂ ನೀವು ಹೇಳಬೇಕಾಗಿಲ್ಲ. ಮತಪತ್ರದ ಮೇಲೆ ಹೆಸರು, ಸಹಿ ಏನನ್ನೂ ಬರೆಯಬೇಡಿ. "ನನಗೆ ಗೊತ್ತಾಗುತ್ತೆ" ಎಂದು ಹೆದರಿಸುವವರಿಗೆ ನೀವು ಯಾರಿಗೆ ಹಾಕಿದಿರಿ ಎಂಬುದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಒಂದೇ ಸಂಗತಿ: ನೀವು ಹೋಗಲಿಲ್ಲ ಎಂಬುದು. ಹೋಗಿ.