ಕಾಲು ಚಾಚುವಷ್ಟು ಜಾಗ

ಗೋಡೆಯ ಮೊಳೆಗೆ ಬಿಗಿದಿದ್ದ ಬಟ್ಟೆಯನ್ನು ಕಸ್ತೂರಿಬಾಯಿ ಹಲ್ಲಿನಿಂದ ಕಚ್ಚಿ ಹರಿದಳು. ಅದರ ಆಸರೆಯಲ್ಲಿ ಕುಳ್ಳಿರಿಸಿದ್ದ ಅವ್ವನ ಹೆಣ ಪಕ್ಕಕ್ಕೆ ವಾಲಿತು. ಅದನ್ನು ತಬ್ಬಿ ಹಿಡಿದು ಚಾಪೆಯ ಮೇಲೆ ಮಲಗಿಸಿ, ಮಡಚಿಟ್ಟಿದ್ದ ಕಾಲುಗಳನ್ನು ಮೆಲ್ಲಗೆ ನೀಡಿದಳು. ಅವು ಇನ್ನೂ ಸೆಟೆದಿರಲಿಲ್ಲ.

"ಏನ್ ಮಾಡಾಕತ್ತೀ ಬೇ?" ಸೋದರಮಾವ ದೌಲತರಾಯ ಹೊಸ್ತಿಲಲ್ಲೇ ಗುಡುಗಿದ. "ನಮ್ಮ ಮನಿತನದಾಗ ಸತ್ತವರನ್ನ ಕುಂದರ್ಸೇ ಮಣ್ಣ ಮಾಡ್ತೇವಿ. ಯಾರನ್ನೂ ಮಲಗಿಸಿಲ್ಲ."

"ನಿಮ್ಮ ಮನ್ಯಾಗ ಅವ್ವನ್ನ ಮಲಗಿಸಲಿಲ್ಲ, ಗೊತ್ತದ್ರಿ ಮಾಮಾ. ಆಕಿ ಏಸುವಿನ ಮಂದಿ. ಮಲಗೇ ಹೋಗ್ತಾಳ."

"ಮತ್ತ ಆ ಏಸುಗೇ ಜಾಗಾ ಕೇಳು! ಹೊಲ ನಂದದ."

ಊರಲ್ಲಿ ಕ್ರೈಸ್ತಳೆಂದರೆ ಅವ್ವ ಗೌರಾಬಾಯಿ ಒಬ್ಬಳೇ. ಅವಳಿಗೆಂದು ಬೇರೆ ಸ್ಮಶಾನವಿರಲಿಲ್ಲ, ತಮ್ಮನ ಹೊಲವೇ ಗತಿ. ಜೇವರ್ಗಿಯಿಂದ ಬಸ್ಸಿನಲ್ಲಿ ಬಂದಿದ್ದ ಪಾದ್ರಿ ಭಗವಂತ ನಡುವೆ ಬಾಯಿ ಹಾಕಿದರು. "ಹೋಗ್ಲಿ ಬಿಡವ್ವಾ. ಕಡೀ ದಿನ ದೇವ್ರು ಕುಂತವರನ್ನೂ ಎಬ್ಬಸ್ತಾನ, ಮಲಗಿದವರನ್ನೂ ಎಬ್ಬಸ್ತಾನ."

"ಎಬ್ಬಸೋದು ಆಮ್ಯಾಲ ಇರ್ಲಿ ಅಯ್ಯನವರ. ಮದ್ಲ ಆಕಿಗಿ ಮಲಗಾಕರ ಬಿಡ್ರಿ."

ಮೂಲೆಯಲ್ಲಿದ್ದ, ಅವ್ವ ಬಾಡಿಗೆಗಿದ್ದ ಮನೆಯ ಒಡತಿ ಗೌಸಿಯಾಬೇಗಂ ಮೂಗು ಒರೆಸಿಕೊಂಡಳು. "ಬದುಕಿದ್ದಾಗ ಎಲ್ಲಿ ಮಲಗ್ತಿ ಅಂತ ಕೇಳಲಾರದವರು, ಈಗ ಎಂಥಾ ಜಗಳ ತಗದಾರ ನೋಡ್ರಿ!"

ದೌಲತರಾಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಹೆಂಗರ ಹೊತ್ತು ತರ್ರಿ. ಕುಣಿ ಕುಂದ್ರಾಕೇ ತೋಡ್ಸೀನಿ."

*

ಗಂಡ ಸತ್ತ ಮೇಲೆ ಗೌರಾಬಾಯಿ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ತವರಿಗೆ ಬಂದಾಗ, ತಮ್ಮ ದೌಲತರಾಯ ಕೊಟ್ಟದ್ದು ಜೋಳದ ಚೀಲದ ಕೋಣೆ. ಚೀಲಗಳ ನಡುವೆ ಮಗಳು ಮಲಗಿದರೆ ತಾಯಿಗೆ ಜಾಗವಿಲ್ಲ. ಚೀಲಕ್ಕೆ ಬೆನ್ನು ಕೊಟ್ಟು, ಮೊಣಕಾಲು ಕಟ್ಟಿಕೊಂಡು, ಕೂತಲ್ಲೇ ನಿದ್ದೆ. ಸುಗ್ಗಿ ಬಂದರೆ ಚೀಲ ಹೆಚ್ಚುತ್ತಿದ್ದವು, ಮೊಣಕಾಲು ಎದೆಗೆ ಬರುತ್ತಿದ್ದವು.

ಒಂದು ಬೇಸಿಗೆ, ಜ್ವರದಲ್ಲಿ ಬಿದ್ದವಳನ್ನು ಬಂಡಿಯಲ್ಲಿ ಮಿಷನ್ ದವಾಖಾನೆಗೆ ತಂದು ಹಾಕಿದರು. ಅಲ್ಲಿಯ ಮಂಚದ ಮೇಲೂ ಅವಳು ಮೊಣಕಾಲು ಕಟ್ಟಿಕೊಂಡೇ ಕೂತಳು. ನರ್ಸಮ್ಮ ಆ ಮೊಣಕಾಲುಗಳ ಮೇಲೆ ಕೈಯಿಟ್ಟು ಮೆತ್ತಗೆ ಒತ್ತಿದಳು. "ಕಾಲು ಚಾಚವ್ವಾ, ಇದು ನಿನ್ನ ಜಾಗ."

ಗೌರಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಅದೇ ದವಾಖಾನೆಯಲ್ಲಿ ಕಸ ಗುಡಿಸಿದಳು, ದೀಕ್ಷಾಸ್ನಾನ ಪಡೆದಳು. ಓದು ಬಾರದವಳು ಪಾದ್ರಿಯ ಮಾತನ್ನು ತನ್ನದೇ ಮಾಡಿಕೊಂಡಿದ್ದಳು. "ದುಡದು ದಣದಾಕೀ, ಬಾ, ಮಲಕೋ ಅಂತಾನ ಬೇ ಅವ. ಇಷ್ಟ್ ದಿನದಾಗ ಯಾರ್ ಅಂದಿದ್ರು ನನಗ?"

ತಮ್ಮನನ್ನು ಕ್ಷಮಿಸಿಯೂ ಬಿಟ್ಟಿದ್ದಳು. ಕ್ರಿಸ್ಮಸ್ ಬಂದರೆ ಅವನ ಮನೆಗೆ ಕರ್ಚಿಕಾಯಿ ಕಳಿಸುತ್ತಿದ್ದಳು. ಅವು ನೇರ ದನದ ಗೋದಲಿಗೆ ಹೋಗುತ್ತವೆಂದು ಊರಿಗೆಲ್ಲ ಗೊತ್ತಿತ್ತು, ಅವಳಿಗೂ. ಮರುವರ್ಷ ಮತ್ತೆ ಕರಿಯುತ್ತಿದ್ದಳು. ಕಸ್ತೂರಿಬಾಯಿಗೆ ಮಾವನಿಗಿಂತ ಆ ಕರ್ಚಿಕಾಯಿಯ ಮೇಲೆಯೇ ಹೆಚ್ಚು ಸಿಟ್ಟು.

*

ಹೊಲದಲ್ಲಿ, ಅಜ್ಜನ ಸಮಾಧಿಯ ಪಕ್ಕ, ಚೌಕನೆಯ ಕುಣಿ ಸಿದ್ಧವಿತ್ತು. ಅದನ್ನು ತೋಡಿದ ರಸೂಲ ಗುದ್ದಲಿ ಊರಿ ನಿಂತಿದ್ದ. ಚಟ್ಟ ಇಳಿಸಿದರು. ಕಸ್ತೂರಿಬಾಯಿ ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಸಿಕ್ಕಿಸಿ, ಕುಣಿಗೆ ಇಳಿದಳು.

"ಹೆಣ್ಮಗಳು ಕುಣ್ಯಾಗ ಇಳೀತಾಳೇನ್ ಲೇ! ಯಾರರ ಎಳೀರಿ ಆಕೀನ!" ದೌಲತರಾಯ ಕೂಗಿದ.

ಯಾರೂ ಮುಂದೆ ಬರಲಿಲ್ಲ. ಅವಳು ಕರಿಮಣ್ಣಿನ ಮೇಲೆ ಅಂಗಾತ ಮಲಗಿದಳು. ತಾಯಿ ಮಗಳದು ಒಂದೇ ಎತ್ತರ. ತಲೆ ಒಂದು ಬದಿಗೆ ತಾಗಿತು, ಪಾದ ಇನ್ನೊಂದು ಬದಿಗೆ. ನಡುವೆ ಮೊಣಕಾಲುಗಳು ಮಡಚಿ ಎದ್ದು ನಿಂತವು.

"ನೋಡ್ರಿ ಮಾಮಾ. ನಿಮ್ಮ ಚೀಲದ ಕ್ವಾಣಿನೂ ಇಷ್ಟೇ ಇತ್ತು." ಅವಳು ಮಲಗಿದಲ್ಲಿಂದಲೇ ಕೂಗಿದಳು. "ಅವ್ವ ನಿಮಗ ಮಾಫ್ ಮಾಡ್ಯಾಳ. ನಾ ಮಾಡಿಲ್ಲ. ರಸೂಲಣ್ಣಾ, ಅಗಿ. ನನ್ನ ಕಾಲು ಚಾಚೋತನಕ ಅಗಿ."

ರಸೂಲ ಹೊಲದ ಧಣಿಯ ಮುಖ ನೋಡಿದ. ದೌಲತರಾಯ ಅಪ್ಪನ ಸಮಾಧಿಯ ಕಡೆ ತಿರುಗಿ ನಿಂತ. ಅದನ್ನೇ ಒಪ್ಪಿಗೆ ಎಂದುಕೊಂಡು ರಸೂಲ ಗುದ್ದಲಿ ಎತ್ತಿದ.

ಗುದ್ದಲಿ ಬಿತ್ತು. ಮಣ್ಣಿನ ಹೆಂಟೆಯೊಂದು ಕಳಚಿ ಅವಳ ಪಾದದ ಮೇಲೆ ಉರುಳಿತು. ಅವಳು ಏಳಲಿಲ್ಲ. ಮಣ್ಣು ಎಷ್ಟು ಸರಿಯಿತೋ ಅಷ್ಟು ಕಾಲು ನೀಡಿ, ಉಳಿದ ಮಣ್ಣನ್ನು ಹಿಮ್ಮಡಿಯಿಂದ ಒದೆಯುತ್ತಲೇ ಇದ್ದಳು.