ಬರೀ ಅರ್ಧ ಚಹಾ

ಮೂರನೇ ಚೊಂಬು ನೀರನ್ನು ಅಣ್ಣನ ಮೈಮೇಲೆ ಸುರಿಯಲು ಹೋದ ಸಮೀಉಲ್ಲಾ ಕೈ ತಡೆದ. "ಜಾಸ್ತಿ ಆಗ್ತದೇನ್ರಿ?" ಎಂದು, ಹೆಣಕ್ಕೆ ಸ್ನಾನ ಮಾಡಿಸಲು ಬಂದಿದ್ದ ಹಿರಿಯರನ್ನು ಕೇಳಿದ. ಕೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ನಾಲ್ಕು ವರ್ಷ ದಿನಕ್ಕೆ ಮುಕ್ಕಾಲು ಲೀಟರ್ ನೀರಿನಲ್ಲಿ ಬದುಕಿದ ಅಖ್ತರನಿಗೆ ಇನ್ನು ಎಷ್ಟು ಸುರಿದರೂ ಡಾಕ್ಟರು ಬೈಯುವಂತಿರಲಿಲ್ಲ.

ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಯಲ್ಲಾಪುರದಿಂದ ಶಿರಸಿಗೆ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದ ಅಖ್ತರ್ ಲಾರಿ ಓಡಿಸುವುದನ್ನು ಬಿಟ್ಟರೂ ಚಹಾದಂಗಡಿ ಬಿಟ್ಟಿರಲಿಲ್ಲ. ಸಿಕ್ಕವರ ಜೊತೆ ಬೈಟು ಹೇಳಿ ಅರ್ಧ ಕುಡಿಯುತ್ತಿದ್ದ. ಬರೀ ಅರ್ಧ ತಾನೇ ಎಂದು ಎಲ್ಲರೂ ಕೊಡಿಸಿದ್ದರು. ಈಗ ಅಂಗಳದಲ್ಲಿ ಒಬ್ಬೊಬ್ಬರೇ ಬಾಯಿ ಬಿಡತೊಡಗಿದರು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮಂಜಪ್ಪ, ತಾನೇ ಕೊಂದೆನೆಂದು ಕಣ್ಣೊರೆಸಿಕೊಂಡ. ಅಲ್ಲ, ತಾನು ಎಂದ ಸಮೀಉಲ್ಲಾ. ಮೊನ್ನೆ ಒಂದೇ ದಿನ ಎಂಟು ಅರ್ಧಗಳಾಗಿದ್ದವೆಂದು ತಿಳಿದಾಗ ಎಲ್ಲರಿಗೂ ಸತ್ತವನ ಮೇಲೆಯೇ ಸಿಟ್ಟು ಬಂತು.

ಈ ಪೈಪೋಟಿ ಒಳಗಿದ್ದ ಅಖ್ತರನ ಹೆಂಡತಿ ಅಮೀನಾಬಿಗೂ ಕೇಳಿಸುತ್ತಿತ್ತು. ರಾತ್ರಿ ಗಂಡ ಅಂಗಲಾಚಿದನೆಂದು ಅವಳು ಒಂದು ಲೋಟ ತುಂಬ ನೀರು ಕೊಟ್ಟಿದ್ದಳು. ಬೆಳಗ್ಗೆ ಅವನು ಏಳಲಿಲ್ಲ. ಅದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ.

*

ಕಿಡ್ನಿ ಹೇಗೆ ಹೋಯಿತೆಂದು ಅಖ್ತರ್ ಮೊದಲ ವಾರವೇ ಡಾಕ್ಟರನ್ನು ಕೇಳಿದ್ದ. ಪ್ರತಿ ಜೀವಕೋಶದೊಳಗೂ ಸಾಯುವ ಕ್ರಮ ಮೊದಲೇ ಬರೆದಿರುತ್ತದೆ, ಕೆಟ್ಟದ್ದು ತಾನಾಗಿ ಮುದುಡಿ ಚೂರಾಗುತ್ತದೆ, ಅಕ್ಕಪಕ್ಕದವು ಅದನ್ನು ನುಂಗಿ ಜಾಗ ಚೊಕ್ಕ ಮಾಡುತ್ತವೆ, ಅದು ಒಳ್ಳೆಯದೇ ಎಂದರು ಡಾಕ್ಟರು. ಸಕ್ಕರೆ ಏರಿ ನಿಂತರೆ ಮಾತ್ರ ಬದುಕಬೇಕಾದವೂ ಸಾಯಲು ಹೊರಡುತ್ತವಂತೆ.

ಅಖ್ತರ್ ಯೋಚಿಸಿ, "ಗದ್ದಲಿಲ್ಲ, ಜಗಳಿಲ್ಲ. ನಮ್ಮ ಲಾರಿ ಯೂನಿಯನ್ನಿಗಿಂತ ಭಾಳ ಶಿಸ್ತು ಐತಿ ಬಿಡ್ರಿ" ಎಂದ. ಅವನ ಕೈಗೆ ಸೂಜಿ ಹಾಕುತ್ತಿದ್ದ ನರ್ಸ್ ಪ್ರತಿಭಾ ನಗು ತಡೆಯಲಾಗದೆ ಎರಡನೇ ಸಲ ಚುಚ್ಚಬೇಕಾಯಿತು.

*

ಅದೇ ಪ್ರತಿಭಾ ಶಿರಸಿಯಿಂದ ಮಣ್ಣಿಗೆ ಬಂದಿದ್ದಳು. ಅಮೀನಾಬಿ ಅವಳನ್ನು ಅಡುಗೆಮನೆಗೆ ಎಳೆದೊಯ್ದು ನೀರಿನ ವಿಷಯ ಹೇಳಿಬಿಟ್ಟಳು.

ಪ್ರತಿಭಾ ಸುಳ್ಳು ಹೇಳಲಿಲ್ಲ. ಅಂಗಳದಲ್ಲಿ ಕೇಳಿದ ಆ ಎಂಟು ಅರ್ಧ ಚಹಾ ತಪ್ಪೇ, ಅವನ ಮೈಯಿಂದ ನೀರು ತೆಗೆದು ತೆಗೆದು ತಮಗೆ ಸಾಕಾಗಿತ್ತು ಎಂದಳು. "ಆದ್ರ ನಿನ್ನೆ ಸಂಜಿಗೆ ನೀರೆಲ್ಲ ತಗದು, ತೂಕ ಸರಿ ಮಾಡೇ ಕಳಿಸೀವ್ರಿ. ಒಂದು ಲೋಟ ನೀರಿಗೆ ಮನುಷ್ಯಾ ಸಾಯಂಗಿಲ್ಲ ಅಮ್ಮಾ. ಹೃದಯ ಮೊದಲ ಸೋತಿತ್ತು. ಕಿಡ್ನಿನೂ ಯಾರೂ ಕೊಂದಿಲ್ಲ, ಒಳಗಿಂದೊಳಗ ಅವೇ ಸತ್ತಾವು."

"ಖರೇ ಹೇಳ್ತೀಯೇನವಾ?"

"ನಿಮ್ಮಾಣೆಗೂ ಖರೇ ರೀ."

ಆಗ ಅಮೀನಾಬಿ ಬೆಳಗಿನಿಂದ ಮೊದಲ ಸಲ ಬಾಯಿ ತುಂಬ ಅತ್ತಳು. ಅವಳ ಎದೆ ಹಗುರಾಯಿತು.

ಗಂಡಸರು ಹೆಣ ಹೊತ್ತು ನಡೆದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಮಂಜಪ್ಪ ಅಂಗಡಿಯಿಂದ ಕೆಟಲಿನ ತುಂಬ ಚಹಾ ಕಳಿಸಿದ್ದ. ಪ್ರತಿಭಾ ಲೋಟದ ಕಂಠದವರೆಗೆ ಬಗ್ಗಿಸಿ ಕೊಟ್ಟಳು.

ಗಂಡನಿಗೆ ಆಸೆಯಾಗದಿರಲೆಂದು ಅಮೀನಾಬಿ ನಾಲ್ಕು ವರ್ಷ ತನ್ನ ಚಹಾವನ್ನು ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಕುಡಿದಿದ್ದಳು. ಇವತ್ತೂ ಲೋಟ ಹಿಡಿದು ಎದ್ದಳು. ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿದಳು. ತುಸು ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದಾಯಿತು. ಅಮೀನಾಬಿ ತುಂಬಿದ ಲೋಟದೊಂದಿಗೆ ಹೊರಬಂದು, ಪಡಸಾಲೆಯ ನಟ್ಟನಡುವೆ ಕುಳಿತು, ಸೊರ್ರೆಂದು ಸದ್ದು ಮಾಡುತ್ತ ಕುಡಿಯತೊಡಗಿದಳು.