ಹಸಿರು ಗಂಜಿ

ನಾನು ಸಂಶಯದ ಪ್ರಾಣಿ ಎಂದು ನಮ್ಮ ಕಣಿವೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಟಿರೋಲಿನ ಈ ಬೆಟ್ಟದ ಮೇಲೆ ಎಪ್ಪತ್ತು ವರ್ಷ ಹಸು ಕಟ್ಟಿಕೊಂಡು ಬಾಳಿದವಳಿಗೆ, ಬೂಟಿಗೆ ಮಣ್ಣಾಗದಂತೆ ನಡೆಯುವವರನ್ನು ಕಂಡರೆ ಸಂಶಯ ಬರದೆ ಇನ್ನೇನು ಬರಬೇಕು? ನನ್ನ ಹೆಸರು ನೋಟ್‌ಬುರ್ಗಾ. ಊರಿನವರು ಬುರ್ಗಲ್ ಎನ್ನುತ್ತಾರೆ, ನನ್ನ ಬೆನ್ನ ಹಿಂದೆ ಇನ್ನೂ ಏನೇನೋ ಎನ್ನುತ್ತಾರೆ.

ಮೂರು ವರ್ಷದ ಹಿಂದೆ ಹೊಳೆಯ ನೀರಿನಿಂದ ಕರೆಂಟು ತೆಗೆಯುತ್ತೇವೆಂದು ಬಂದವರು ನನ್ನ ಮನೆಯ ಹಿಂದಿನ ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೂ ಬಗೆದು ಪೈಪು ಹೂತರು. ಅದು ಬರೀ ಇಳಿಜಾರಲ್ಲ. ನನ್ನ ಹಸುಗಳ ಹುಲ್ಲುಗಾವಲು. ಹುಲ್ಲು ಕೊಯ್ಯುವ ಯಂತ್ರ ಹತ್ತದಷ್ಟು ಕಡಿದು. ಜಾರದಿರಲೆಂದು ಕಾಲಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿಕೊಂಡು ಉದ್ದ ಹಿಡಿಯ ಕುಡುಗೋಲಿನಲ್ಲಿ ನನ್ನಜ್ಜಿ ಕೊಯ್ದಳು, ಅಮ್ಮ ಕೊಯ್ದಳು, ನಾನು ಕೊಯ್ದೆ. ಅಲ್ಲಿ ಬೆಳೆಯುವ ಹುಲ್ಲು ಮೊಳದುದ್ದ ಬೇರು ಬಿಟ್ಟು ಬಂಡೆಯನ್ನು ಅಪ್ಪಿಕೊಂಡಿರುತ್ತದೆ. ಅದು ಇದ್ದುದರಿಂದಲೇ ನನ್ನ ಮನೆ ಇಷ್ಟು ವರ್ಷ ಅದೇ ಜಾಗದಲ್ಲಿ ನಿಂತಿತ್ತು.

ಆಚೆ ದಿನ್ನೆಯಲ್ಲಿ ಏನಾಯಿತೆಂದು ನಾನು ಕಣ್ಣಾರೆ ಕಂಡಿದ್ದೆ. ಹಿಮದ ಮೇಲೆ ಜಾರುವವರಿಗೆಂದು ಅಲ್ಲಿ ನೆಲ ಬಗೆದರು. ಆಮೇಲೆ ಟ್ಯಾಂಕಿನ ಲಾರಿ ತಂದು ಹಸಿರು ಗಂಜಿ ಎರಚಿದರು. ಬೀಜ, ಗೊಬ್ಬರ, ಮರದ ನಾರು, ಗೋಂದು, ಬಣ್ಣ ಎಲ್ಲವನ್ನೂ ನೀರಿನಲ್ಲಿ ಕಲಸಿ ಪೈಪಿನಲ್ಲಿ ಚಿಮ್ಮಿಸುವುದು. ಸಂಜೆಯ ಹೊತ್ತಿಗೆ ಬೆಟ್ಟವೆಲ್ಲ ಬಾಗಿಲಿಗೆ ಬಣ್ಣ ಬಳಿದಂತೆ ಹಸಿರು. ಬಯಲು ಸೀಮೆಯ ಅಗ್ಗದ ಬೀಜ! ಒಂದು ವರ್ಷ ನಳನಳಿಸಿತು, ಎರಡನೇ ವರ್ಷ ಹಳದಿಯಾಯಿತು, ಮೂರನೇ ವರ್ಷ ಒಂದು ಮಳೆಗೆ ಕೆಸರಾಗಿ ಇಳಿದು ಕೆಳಗಿನವರ ಕೊಟ್ಟಿಗೆಯ ಬಾಗಿಲು ಮುರಿಯಿತು.

ಅದಕ್ಕೇ ನಾನು ಹಟ ಹಿಡಿದೆ. "ಎರಚೋದಾದ್ರೆ ನನ್ನ ಹುಲ್ಲಿನ ಬೀಜಾನೇ ಎರಚಬೇಕು. ಇಲ್ಲಾಂದ್ರೆ ಪೈಪನ್ನ ನಿಮ್ಮ ತಲೆ ಮೇಲೆ ಹೊತ್ಕೊಂಡು ಹೋಗಿ." ಕರೆಂಟಿನ ಕಂಪನಿಯವರು ಒಪ್ಪಿದರು. ನನ್ನ ಬೀಜ ಅಂಗಡಿಯಲ್ಲಿ ಸಿಗುವುದಲ್ಲ. ಒಣಹುಲ್ಲಿನ ಅಟ್ಟದ ನೆಲದ ಮೇಲೆ ಉದುರಿ ಬೀಳುವ ಪುಡಿಯನ್ನು ಗುಡಿಸಿ, ಜರಡಿ ಹಿಡಿದು, ಗಾಳಿಗೆ ತೂರಿ ಉಳಿಸಿಕೊಳ್ಳುವುದು. ನನ್ನಮ್ಮ ಹುಲ್ಲು ಸತ್ತ ಕಡೆಯೆಲ್ಲ ಅದನ್ನೇ ಚೆಲ್ಲುತ್ತಿದ್ದಳು. ಎರಡು ಚಳಿಗಾಲ ಸೊಂಟ ಬಿದ್ದುಹೋಗುವಷ್ಟು ಗುಡಿಸಿ ಐದು ಚೀಲ ಮಾಡಿದೆ. ಅಟ್ಟದಲ್ಲಿ ಇನ್ನು ಒಂದು ಹಿಡಿಯೂ ಉಳಿದಿರಲಿಲ್ಲ, ಬೆಟ್ಟದ ಮೇಲೆ ಒಂದು ಎಸಳೂ ಉಳಿದಿರಲಿಲ್ಲ. ನನ್ನ ಹುಲ್ಲುಗಾವಲೆಂದರೆ ಈಗ ಆ ಐದು ಚೀಲ, ಅಷ್ಟೆ. ಯಾರೂ ಅದಲು ಬದಲು ಮಾಡದಿರಲಿ ಎಂದು ಪ್ರತಿಯೊಂದರ ಬಾಯನ್ನೂ ಕೆಂಪು ದಾರದಿಂದ ಹೊಲಿದೆ.

ಆಗಸ್ಟಿನ ಕೊನೆಯಲ್ಲಿ ಲಾರಿ ಬಂತು. ತಂದವನು ಯಾಂಕೊ ಎಂಬ ಸ್ಲೊವೇನಿಯಾದವನು, ನಲವತ್ತರ ಆಸುಪಾಸು. ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಕಾಫಿ ಕೊಟ್ಟರೆ ನಿಂತೇ ಕುಡಿದ. ಚೀಲಗಳನ್ನು ಒಂದೊಂದಾಗಿ ಎತ್ತಿ, ಮೂಸಿ, ಹೊಲಿಗೆಯ ಸಂದಿಯಿಂದ ನಾಲ್ಕು ಕಾಳು ತೆಗೆದು ಬೆರಳಲ್ಲಿ ಉಜ್ಜಿ ನೋಡಿದ.

"ಏನಪ್ಪಾ, ಮೂಸ್ತಿದೀಯ?"

"ಒಳ್ಳೇ ಬೀಜ ಅಮ್ಮಾ. ಇಂಥದ್ದು ಈಗ ಸಿಗಲ್ಲ. ಬೇಕು ಅನ್ನೋರು ಬಹಳ ಜನ ಇದಾರೆ."

ಬೇಕು ಅನ್ನುವವರು! ನನ್ನ ಕಿವಿ ನೆಟ್ಟಗಾಯಿತು. ಬೇಕೆನ್ನುವವರ ಲೆಕ್ಕ ಇವನಿಗೇಕೆ? ಆಗಿನಿಂದಲೇ ಅವನ ಮೇಲೊಂದು ಕಣ್ಣಿಟ್ಟೆ.

ಮೊದಲ ಟ್ಯಾಂಕಿಗೆ ಎರಡು ಚೀಲ ಸುರಿದ. ಮೇಲಿನ ಅರ್ಧ ಬೆಟ್ಟಕ್ಕೆ ಎರಚಿದ. ಕೆಲಸ ಚೆನ್ನಾಗಿಯೇ ಮಾಡಿದ, ಸುಳ್ಳು ಹೇಳಬಾರದು. ಎರಡನೆಯ ಟ್ಯಾಂಕು ಮಾರನೇ ದಿನ ಬೆಳಿಗ್ಗೆ ಕಲಸಿದ. ಒಂಬತ್ತು ಗಂಟೆಗೆ ನಾನು ಹಾಲಿನ ಕ್ಯಾನು ಇಟ್ಟು ಬಂದು ನೋಡಿದರೆ ಲಾರಿಯ ಪಕ್ಕ ಎರಡು ಖಾಲಿ ಚೀಲ ಮಡಚಿ ಇಟ್ಟಿದೆ. ಎರಡೂ ಎರಡೂ ನಾಲ್ಕು. ಐದನೆಯದೆಲ್ಲಿ? ಅವನು ಪೈಪು ಎಳೆಯಲು ಮೇಲೆ ಹೋಗಿದ್ದ. ನಾನು ಲಾರಿಯ ಬಾಗಿಲು ತೆಗೆದೆ. ಸೀಟಿನ ಹಿಂದೆ, ಅವನ ಕೋಟಿನ ಅಡಿಯಲ್ಲಿ ನನ್ನ ಕೆಂಪು ದಾರ ಕಾಣಿಸಿತು.

ಮೈ ಉರಿದುಹೋಯಿತು. ಕೈಗೆ ಸಿಕ್ಕಿದ ಲಾರಿಯ ಕೀಲಿ ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ಗಡಗಡ ಎನ್ನುತ್ತಿದ್ದ ಯಂತ್ರ ನಿಂತಿತು. ಟ್ಯಾಂಕಿನೊಳಗೆ ಗಂಜಿ ಕಡೆಯುವ ರೆಕ್ಕೆಗಳೂ ನಿಂತವು.

ಯಾಂಕೊ ಬೆಟ್ಟದಿಂದ ಓಡಿ ಬಂದ. "ಏನಾಯ್ತು? ಯಾಕೆ ನಿಲ್ಲಿಸಿದ್ರಿ?"

"ಕಳ್ಳ! ಆ ಚೀಲ ಯಾರಿಗೆ ಮಾರೋಕೆ ಇಟ್ಟಿದೀಯ?"

"ಮಾರೋಕಲ್ಲ ಅಮ್ಮಾ. ವಸಂತದಲ್ಲಿ ಎಲ್ಲಾದ್ರೂ ಬೋಳಾಗಿದ್ರೆ ತೇಪೆ ಹಾಕೋಕೆ. ಯಾವಾಗ್ಲೂ ಒಂದು ಚೀಲ ಎತ್ತಿಡ್ತೀನಿ. ಕೀಲಿ ಕೊಡಿ."

"ಎತ್ತಿಡೋನು ನನ್ನ ಕೇಳಿ ಎತ್ತಿಡಬೇಕಿತ್ತು. ಕೋಟು ಮುಚ್ಚಿ ಎತ್ತಿಡೋದಾ?"

"ಬಿಸಿಲಿತ್ತು, ಮುಚ್ಚಿದೆ. ನೋಡಿ, ಬೈಯೋದಾದ್ರೆ ಆಮೇಲೆ ಬೈಯಿರಿ. ಟ್ಯಾಂಕಲ್ಲಿ ಬೀಜದ ಜೊತೆ ಗೊಬ್ಬರ ಇದೆ. ಹೆಚ್ಚು ಹೊತ್ತು ಹಾಗೇ ಬಿಟ್ರೆ ಉಪ್ಪಿನಂಶ ಬೀಜ ಸುಟ್ಟುಬಿಡುತ್ತೆ. ಬೇಗ ಎರಚಬೇಕು. ದಮ್ಮಯ್ಯ, ಕೀಲಿ ಕೊಡಿ."

ಅವನು ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನಗೆ ಕಂಡಿದ್ದು ಅವನ ಆತುರ ಒಂದೇ. ಕದ್ದವನಿಗಲ್ಲದೆ ಇಷ್ಟು ಅವಸರ ಇನ್ನಾರಿಗಿರುತ್ತದೆ? ಅವನು ಬೆವರಿದಷ್ಟೂ ನನ್ನ ಸಂಶಯ ಗಟ್ಟಿಯಾಯಿತು. "ಪಂಚಾಯಿತಿಯವರು ಬರ್ಲಿ. ಅವರ ಮುಂದೆ ಕೊಡ್ತೀನಿ" ಎಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಪಂಚಾಯಿತಿಯವನೆಂದರೆ ಕ್ವಿರಿನ್, ನನ್ನ ಚಿಕ್ಕಪ್ಪನ ಮಗ. ರಸ್ತೆ, ಚರಂಡಿ ನೋಡಿಕೊಳ್ಳುವವನು. ಫೋನು ಮಾಡಿದರೆ ಮೇಲಿನ ಸೇತುವೆಯ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ ಎಂದ. ಬಂದಾಗ ಎರಡು ಗಂಟೆ. ಐದು ತಾಸು ಸುಡುಬಿಸಿಲಿನಲ್ಲಿ ಟ್ಯಾಂಕು ಕಾದು ಕೆಂಡವಾಗಿತ್ತು. ಯಾಂಕೊ ಮೊದಲೊಂದು ತಾಸು ಬೇಡಿಕೊಂಡ, ಆಮೇಲೆ ಒಂದು ಕೋಲು ಹಿಡಿದು ಟ್ಯಾಂಕಿನ ಬಾಯಲ್ಲಿ ಕೈಯಿಂದಲೇ ಕಲಕತೊಡಗಿದ. ಅದನ್ನೂ ನಾನು ನಾಟಕವೆಂದುಕೊಂಡೆ.

ಕ್ವಿರಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬುರ್ಗಲಕ್ಕಾ, ಬೆಟ್ಟ ಬೋಳಾಗಿ ಬಿದ್ದಿದೆ, ಮಳೆ ಬಂದ್ರೆ ನಿನ್ನ ಮನೇನೇ ಹೋಗೋದು. ಕೀಲಿ ಕೊಡು. ಆ ಚೀಲಾನೂ ಟ್ಯಾಂಕಿಗೆ ಹಾಕ್ಬಿಡ್ಲಿ, ಜಗಳ ಮುಗೀಲಿ."

ಯಾಂಕೊ ಚೀಲಕ್ಕೆ ಅಡ್ಡ ನಿಂತ. "ಬೇಡ. ಇದು ಉಳೀಲಿ. ಟ್ಯಾಂಕಲ್ಲಿರೋದು ಕೆಟ್ಟಿರುತ್ತೆ. ಇದನ್ನೂ ಹಾಕಿದ್ರೆ ಇದೂ ಹೋಗುತ್ತೆ. ಬೇಕಾದ್ರೆ ನಿಮ್ಮ ಮನೇಲೇ ಇಟ್ಕೊಳಿ ಅಮ್ಮಾ, ಆದ್ರೆ ಇದಕ್ಕೆ ಹಾಕ್ಬೇಡಿ."

"ನೋಡಿದ್ಯೇನೋ ಕ್ವಿರಿನ್? ಬಿಡೋಕೆ ಮನಸ್ಸು ಬರ್ತಿಲ್ಲ ಇವನಿಗೆ!"

ಮನೆಯಲ್ಲೇ ಇಟ್ಟುಕೊಳ್ಳಿ ಎಂದ. ಆ ಒಂದು ಮಾತು ಕೇಳಿಸಿಕೊಂಡಿದ್ದರೆ ಸಾಕಿತ್ತು. ಮನೆಯಲ್ಲಿಟ್ಟರೆ ವಸಂತದಲ್ಲಿ ಬಂದು ಬೇರೇನಾದರೂ ಹೂಟ ಹೂಡುತ್ತಾನೆ ಎಂದುಕೊಂಡೆ. ಅವನನ್ನು ಪಕ್ಕಕ್ಕೆ ತಳ್ಳಿ, ಚೀಲ ಹೊತ್ತು ಏಣಿ ಹತ್ತಿ, ನಾನೇ ಹೊಲಿದ ದಾರವನ್ನು ನಾನೇ ಹಲ್ಲಿನಿಂದ ಕಚ್ಚಿ ಹರಿದು, ನಾನೇ ಸುರಿದೆ. ಆಮೇಲೆ ಕೀಲಿ ಕೊಟ್ಟೆ. ಅವನು ಕೆಳಗಿನ ಅರ್ಧಕ್ಕೆ ಎರಚಿ, ಟ್ಯಾಂಕು ತೊಳೆದು ಹೋದ.

ಸೆಪ್ಟೆಂಬರಿನಲ್ಲಿ ಮೇಲಿನರ್ಧ ಸಣ್ಣಗೆ ಚಿಗುರಿತು. ಕೆಳಗಿನದು ಬಣ್ಣದ ಹಸಿರಿನಲ್ಲೇ ಇದ್ದು ಆಮೇಲೆ ಹಳೆಯ ಕಂಬಳಿಯಂತೆ ಬೂದುಬಣ್ಣಕ್ಕೆ ತಿರುಗಿತು. ಐದನೆಯ ಚೀಲದ್ದು ನನ್ನದೇ ಬೀಜ, ಆದರೆ ನಾನು ಇಲ್ಲದಾಗ ಅವನು ಸುರಿದ ಇನ್ನೆರಡು ಚೀಲಗಳಲ್ಲಿ ಏನು ತುಂಬಿದ್ದನೋ ಎಂದು ನನ್ನೊಳಗಿನ ಸೈತಾನ ಪಿಸುಗುಟ್ಟಿತು. ಪಿಸುಗುಟ್ಟಿದ್ದನ್ನು ನಾನು ಗಂಟಲು ಹರಿಯುವಂತೆ ಊರಿಗೆಲ್ಲ ಸಾರಿದೆ. ಹಾಲಿನ ಡೈರಿಯಲ್ಲಿ, ಬೇಕರಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ. "ಆ ಸ್ಲೊವೇನಿಯಾದವನು ನನ್ನ ಬೀಜ ಮಾರ್ಕೊಂಡ." ಜನ ನಂಬಿದರು. ಇಂಥದ್ದನ್ನು ನಂಬಲು ನಮ್ಮ ಜನರನ್ನು ಪುಸಲಾಯಿಸಬೇಕಾಗಿಲ್ಲ.

ಹಿಮ ಬಿತ್ತು, ಕರಗಿತು. ಜೂನಿನಲ್ಲಿ ಕಂಪನಿಯ ಎಂಜಿನಿಯರು ಪ್ರಾಂಟಲ್ ಬಂದ. ಬೂಟು ಹೊಳೆಯುತ್ತಿತ್ತು. ನನ್ನ ಅಡುಗೆಮನೆಯಲ್ಲಿ ಕುಳಿತು, ಹಂದಿಮಾಂಸ ಹಾಕಿ ಬೇಯಿಸಿದ ಕಡುಬು ಎರಡು ತಿಂದು, ಬಾಯಿ ಒರೆಸಿಕೊಂಡು ಒಂದು ಕಾಗದ ಮೇಜಿನ ಮೇಲಿಟ್ಟ.

"ನಿಮ್ಮ ಕೆಳಗಿನರ್ಧ ಸತ್ತುಹೋಗಿದೆ ಅಮ್ಮನವರೇ. ತಪ್ಪು ನಮ್ಮದೇ. ಮಣ್ಣು ಜಾರದ ಹಾಗೆ ಬಲೆ ಹಾಸಿ, ನಮ್ಮ ಬೀಜ ಹಾಕಿ ಪುಕ್ಕಟೆ ಮತ್ತೆ ಎರಚಿಕೊಡ್ತೀವಿ. ಎರಚಿದವನ ಅಜಾಗರೂಕತೆಯಿಂದ ಆಯ್ತು ಅಂತ ಇಲ್ಲೊಂದು ಸಹಿ ಹಾಕಿ."

"ಏನು ಅಜಾಗರೂಕತೆ?"

"ಟ್ಯಾಂಕು ಕಲಸಿ ಹಾಗೇ ಬಿಟ್ಟು ಎಲ್ಲೋ ಹೋಗಿದಾನೆ. ಗೊಬ್ಬರದಲ್ಲಿ ಅಷ್ಟು ಹೊತ್ತು ನೆನೆದ್ರೆ ಬೀಜ ಬದುಕುತ್ತಾ? ಮಣ್ಣು ತೆಗೆಸಿ ಪರೀಕ್ಷೆ ಮಾಡಿಸಿದ್ದೀವಿ. ನಿಮ್ಮದೇ ಬೀಜ ಇದೆ, ಬೇಕಾದಷ್ಟಿದೆ, ಎಲ್ಲಾ ಸತ್ತದ್ದು." ಅವನು ನಕ್ಕ. "ಕೇಳಿದ್ರೆ ಏನಂದ ಗೊತ್ತಾ? ಆ ಅಮ್ಮ ಲಾರಿ ಕೀಲಿ ಕಿತ್ಕೊಂಡು ಐದು ತಾಸು ಕೂತಿದ್ರು ಅಂದ! ನಿಮ್ಮಂಥವರ ಮೇಲೆ ಹಾಕ್ತಾನಲ್ಲ, ನಾಚಿಕೆ ಬೇಡ್ವಾ? ಪಂಚಾಯಿತಿಯವನನ್ನೂ ಕೇಳಿದೆ, ಅಂಥದ್ದೇನೂ ನೆನಪಿಲ್ಲ ಅಂದ. ಕಳೆದ ವಾರ ಯಾಂಕೊನನ್ನ ಕೆಲಸದಿಂದ ತೆಗೆದುಹಾಕಿದ್ವಿ."

ನಿಮ್ಮದೇ ಬೀಜ, ಬೇಕಾದಷ್ಟಿದೆ, ಎಲ್ಲಾ ಸತ್ತದ್ದು. ಕ್ವಿರಿನ್ ನನ್ನ ಮಾನ ಉಳಿಸಲು ಸುಳ್ಳು ಹೇಳಿದ್ದಾನೆ. ಪ್ರಾಂಟಲ್ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ನನ್ನ ಕಡೆ ಚಾಚಿದ್ದಾನೆ. ಒಂದು ಗೀಟು ಎಳೆದರೆ ಮನೆಯ ಹಿಂದಿನ ಮಣ್ಣು ನಿಲ್ಲುತ್ತದೆ, ಊರಿನಲ್ಲಿ ನನ್ನ ಮಾತೂ ನಿಲ್ಲುತ್ತದೆ. ಸುಳ್ಳೇಕೆ, ಪೆನ್ನು ಕೈಗೆ ತೆಗೆದುಕೊಂಡೆ. ಕಾಗದದ ಮೇಲೆ ಯಾಂಕೊನ ಪೂರ್ತಿ ಹೆಸರು, ವಿಳಾಸ ಇತ್ತು. ಕೋಲು ಹಿಡಿದು ಟ್ಯಾಂಕು ಕಲಕುತ್ತಿದ್ದ ಬೆನ್ನು ಕಣ್ಣಿಗೆ ಬಂತು.

"ಅವನು ಹೇಳಿದ್ದು ನಿಜ," ಎಂದೆ. "ಕೀಲಿ ನನ್ನ ಜೇಬಲ್ಲಿತ್ತು."

ಪ್ರಾಂಟಲ್ ಕಣ್ಣು ಕಿರಿದು ಮಾಡಿದ. "ಅವನೇನಾದ್ರೂ ಇಲ್ಲಿಗೆ ಬಂದಿದ್ನಾ? ಹೆದರಿಸಿದ್ನಾ?"

"ನನ್ನನ್ನ ಹೆದರಿಸೋನು ಇನ್ನೂ ಹುಟ್ಟಿಲ್ಲ."

"ಮತ್ತೆ ಇದರಿಂದ ನಿಮಗೇನು ಲಾಭ? ನೀವೇ ತಡೆದಿದ್ದು ಅಂತಾದ್ರೆ ನಾವು ಒಂದು ಹನಿ ಎರಚಲ್ಲ. ಎಲ್ಲಾ ನಿಮ್ಮ ಖರ್ಚು."

"ಗೊತ್ತಾಯ್ತು. ಬರ್ಕೊಳ್ಳಿ." ಅವನು ಬರೆದುಕೊಂಡ. ಬರೆಯುವಾಗಲೂ ಇದರ ಹಿಂದೆ ಏನಿದೆಯೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದ. ಸಹಿ ಹಾಕಿದೆ.

ಅಂದು ಮಧ್ಯಾಹ್ನವೇ ಬಸ್ಸು ಹತ್ತಿ ಕೆಳಗಿನ ಪಟ್ಟಣಕ್ಕೆ ಹೋದೆ. ಯಾಂಕೊ ರೈಲು ನಿಲ್ದಾಣದ ಹಿಂದೆ ಬಾಡಿಗೆಗಿದ್ದ. ಬಾಗಿಲು ತೆರೆದ, ಆದರೆ ಸರಪಳಿ ತೆಗೆಯಲಿಲ್ಲ. ಸಂದಿಯಲ್ಲಿ ಅರ್ಧ ಮುಖ ಕಂಡಿತು.

"ಇನ್ನೇನು ಬೇಕು?"

"ತಪ್ಪಾಯ್ತು ಕಣಪ್ಪಾ. ಪ್ರಾಂಟಲ್ ಹತ್ರ ನಿಜ ಹೇಳಿದೆ. ಕೀಲಿ ನಾನೇ ಕಿತ್ತಿದ್ದು ಅಂತ ಸಹಿ ಹಾಕಿ ಕೊಟ್ಟಿದೀನಿ."

"ನಂಬೋದು ಹೇಗೆ?"

ಬೈಯುತ್ತಾನೆ, ಆಮೇಲೆ ಒಳಗೆ ಕರೆದು ಕೂರಿಸುತ್ತಾನೆ ಎಂದುಕೊಂಡು ಹೊರಟಿದ್ದೆ, ಮುದಿ ಪೆದ್ದಿ. ಅವನು ಒಳಗಿನಿಂದ ಒಂದು ಹಾಳೆ, ಪೆನ್ನು ತಂದು ಸಂದಿಯಲ್ಲಿ ಚಾಚಿದ. "ನನಗೂ ಬರೆದು ಕೊಡಿ. ಊರಲ್ಲಿ ನನ್ನ ಬಗ್ಗೆ ಏನೇನು ಹೇಳ್ಕೊಂಡು ತಿರುಗಿದ್ರೋ ಅದೂ ಬರೀರಿ."

ಗೋಡೆಗೆ ಹಾಳೆ ಒತ್ತಿಕೊಂಡು ಬರೆದೆ. ಬೀಜ ಕದ್ದನೆಂದು ನಾನು ಹೇಳಿದ್ದು ಸುಳ್ಳು, ಐದನೆಯ ಚೀಲವನ್ನು ಅವನು ಬೇಡವೆಂದರೂ ನಾನೇ ಸುರಿದೆ ಎಂದು ಬರೆದು, ಕೆಳಗೆ ಹೆಸರು ಹಾಕಿ ಸಂದಿಯಲ್ಲಿ ಕೊಟ್ಟೆ. ಅವನು ಎರಡು ಸಲ ಓದಿದ. ಮಡಚಿ ಜೇಬಿಗಿಟ್ಟ.

"ಬೀಜ ಎಷ್ಟು ಉಳಿದಿದೆ?" ಎಂದು ಕೇಳಿದ.

"ಒಂದು ಹಿಡೀನೂ ಇಲ್ಲ."

"ಮೇಲಿನ ಅರ್ಧ ಬಂದಿದೆಯಲ್ಲ. ಅದನ್ನ ಕೊಯ್ಬೇಡಿ. ಬೀಜ ಕಟ್ಟಿ, ಒಣಗಿ, ತಾನಾಗೇ ಉದುರೋವರೆಗೂ ಬಿಡಿ. ಪ್ರತಿ ವರ್ಷ ಒಂದಿಷ್ಟು ಕೆಳಗಿಳಿಯುತ್ತೆ. ಬೇರೆ ಬೀಜ ತಂದು ಎರಚ್ಬೇಡಿ, ಅದು ಇದನ್ನ ತಿಂದುಹಾಕುತ್ತೆ. ಅಲ್ಲೀವರೆಗೆ ಮಣ್ಣಿಗೆ ಅಡ್ಡಡ್ಡ ಮರದ ದಿಮ್ಮಿ ಹೂಳಿ."

"ಕೆಳಗಿನವರೆಗೆ ಬರೋಕೆ ಎಷ್ಟು ವರ್ಷ ಬೇಕು?"

"ಹತ್ತು. ಹನ್ನೆರಡು."

"ನನಗೆ ಎಪ್ಪತ್ತೊಂದು ಕಣಪ್ಪಾ."

"ಗೊತ್ತು," ಎಂದು ಬಾಗಿಲು ಹಾಕಿಕೊಂಡ.